ಹೂಳಿನ ಕೆಳಗಿನ ಕಲ್ಲು

೩ ಜೂನ್ ೨೦೨೫, ಮಂಗಳವಾರ. ರೋಣ

ನಾಲ್ಕನೆಯ ಕೀಮೋ ಮುಗಿದು ಇಂದಿಗೆ ಹದಿನೆಂಟು ದಿನ. ಫಕೀರವ್ವನ ತೂಕ ನಲವತ್ತೊಂದು ಕಿಲೋ. ನನ್ನನ್ನು ಮದುವೆಯಾಗಿ ಈ ಮನೆಗೆ ಬಂದಾಗ ತಲೆಯ ಮೇಲೆ ಎರಡು ಕೊಡ, ಸೊಂಟದ ಮೇಲೆ ಒಂದು ಕೊಡ ಹೊತ್ತು ಬರುತ್ತಿದ್ದಳು. ಈಗ ತಂಬಿಗೆ ಎತ್ತುವಾಗ ಕೈ ನಡುಗುತ್ತದೆ.

ಹುಬ್ಬಳ್ಳಿಯ ಆಸ್ಪತ್ರೆಯಿಂದ ಫೋನ್ ಬಂತು. ಒಂಬತ್ತನೆಯ ತಾರೀಖು ಬೆಳಿಗ್ಗೆ ಪರೀಕ್ಷೆ. ಬಾಯಿಯಿಂದ ನಳಿಕೆ ಇಳಿಸುತ್ತಾರೆ. ಅದರ ತುದಿಯಲ್ಲಿ ಕ್ಯಾಮೆರಾದ ಜೊತೆಗೆ ಸೋನೋಗ್ರಫಿಯೂ ಇರುತ್ತದೆ. ಅನ್ನನಾಳದ ಗಂಟು ಗೋಡೆಯೊಳಗೆ ಎಷ್ಟು ಆಳಕ್ಕೆ ಹೋಗಿದೆ ಎಂದು ಒಳಗಿನಿಂದಲೇ ಅಳೆಯುತ್ತಾರೆ. ಫೆಬ್ರವರಿಯಲ್ಲಿ ಅದು ಇಪ್ಪತ್ತೊಂದು ಮಿಲಿಮೀಟರ್ ದಪ್ಪವಿತ್ತು, ಎದೆಯ ದೊಡ್ಡ ರಕ್ತನಾಳಕ್ಕೆ ಒತ್ತಿಕೊಂಡಿತ್ತು. ಈಗ ಕೊಯ್ಯಲಾಗದು, ಮೊದಲು ಕೀಮೋ ಕೊಟ್ಟು ಕುಗ್ಗಿಸೋಣ ಎಂದಿದ್ದರು. ಈಗ ಮರು ಅಳತೆ. ಗಂಟು ರಕ್ತನಾಳವನ್ನು ಬಿಟ್ಟು ಹಿಂದೆ ಸರಿದಿದ್ದರೆ ಆಪರೇಷನ್. ಸರಿಯದಿದ್ದರೆ ಏನು ಎಂಬ ವಾಕ್ಯವನ್ನು ಯಾವ ಡಾಕ್ಟರೂ ಪೂರ್ತಿ ಮಾಡಿಲ್ಲ.

ಈ ಯಂತ್ರ ರೋಣದಲ್ಲಿಲ್ಲ, ನರಗುಂದದಲ್ಲಿಲ್ಲ, ಗಜೇಂದ್ರಗಡದಲ್ಲಿಲ್ಲ. ಮೂರೂ ತಾಲೂಕಿನ ಜನ ಗಂಟಲು ಕಟ್ಟಿದರೆ ಹುಬ್ಬಳ್ಳಿಗೇ ಓಡಬೇಕು. ಇದರ ಬಗ್ಗೆ ಪತ್ರಿಕೆಗಳಿಗೆ ನಾನು ಬರೆದ ಪತ್ರಗಳ ಕತ್ತರಿಕೆಗಳು ಒಂದು ಟ್ರಂಕು ತುಂಬಿವೆ. ಯಾರೂ ಉತ್ತರಿಸಲಿಲ್ಲ. ನಾನು ಮರೆಯುವವನಲ್ಲ ಎಂಬುದು ಅವರಿಗೆ ಗೊತ್ತಿಲ್ಲ.

"ಸೋಮವಾರ ಮತ್ತ ಅಳತೀ ಐತಿ" ಎಂದೆ ಅವಳಿಗೆ.

"ಮೋಜಣಿದಾರನ ಕಟಗೊಂಡ ಮ್ಯಾಲೆ ಅಳಸ್ಕೊಳ್ಳೂದ ಬಿಟ್ಟ ಬ್ಯಾರೆ ಏನ ಇರ್ತೈತಿ" ಎಂದಳು. ಧ್ವನಿ ಒಡೆದಿದೆ, ಚುಚ್ಚುಮಾತು ಹಾಗೇ ಇದೆ. ಮೂವತ್ತಾರು ವರ್ಷ ಸರ್ವೇ ಇಲಾಖೆಯಲ್ಲಿ ಹೊಲ ಅಳೆದವನಿಗೆ ಹೆಂಡತಿ ಇಟ್ಟ ಹೆಸರು ಅದು.

೯ ಜೂನ್, ಸೋಮವಾರ

ಪರೀಕ್ಷೆ ಆಗಲಿಲ್ಲ.

ಕ್ರಮವಾಗಿ ಬರೆಯುತ್ತೇನೆ. ದೂರು ಕೊಡುವಾಗ ಬೇಕಾಗುತ್ತದೆ. ಬೆಳಿಗ್ಗೆ ಎಂಟೂಮುಕ್ಕಾಲಿಗೆ ನರ್ಸ್ ಕೇಳಿದಳು: "ಅಜ್ಜೀ, ರಾತ್ರಿಯಿಂದ ಏನರ ತಿಂದೀರೇನು? ನೀರರ ಕುಡದೀರೇನು?"

"ಇಲ್ಲವಾ. ಉಪವಾಸ ಅದೀನಿ" ಎಂದಳು ಫಕೀರವ್ವ.

ಸಹಿ ಹಾಕಿಸಿಕೊಂಡು ಒಳಗೆ ಕರೆದೊಯ್ದರು. ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ನಾಳ ಕಿರಿದಾದ ಜಾಗದ ಮೇಲೆ ಬಾಳೆಹಣ್ಣು, ಕೊಬ್ಬರಿ ಚೂರು ಸಿಕ್ಕಿಕೊಂಡಿವೆಯಂತೆ. ಮದ್ದು ಕೊಟ್ಟು ಮಲಗಿಸಿದಾಗ ಅದು ಉಸಿರಿನ ನಾಳಕ್ಕೆ ಜಾರಿದ್ದರೆ ಪ್ರಾಣವೇ ಹೋಗುತ್ತಿತ್ತು ಎಂದರು. ಅದನ್ನೆಲ್ಲ ತೆಗೆದು, ಪರೀಕ್ಷೆ ನಿಲ್ಲಿಸಿ, ಇಪ್ಪತ್ತಾರಕ್ಕೆ ಬನ್ನಿ ಎಂದರು. ಹದಿನೇಳು ದಿನ! ಗಂಟು ಹದಿನೇಳು ದಿನ ರಜೆ ಹಾಕಿ ಕೂರುತ್ತದೆಯೇ?

ಆದದ್ದು ಇಷ್ಟೇ. ಬೆಳಿಗ್ಗೆ ಆರಕ್ಕೆ ನರಗುಂದದಲ್ಲಿ ನನ್ನ ತಂಗಿ ಮಾಯವ್ವನ ಮನೆ ಮುಂದೆ ಗಾಡಿ ನಿಲ್ಲಿಸಿದ್ದೆವು. ಅವಳು ಗುಡಿಯಿಂದ ಪ್ರಸಾದ ತಂದಿದ್ದಳು. ನಮ್ಮ ಕಡೆ ಏಕಾದಶಿಯಿರಲಿ, ಶಿವರಾತ್ರಿಯಿರಲಿ, ಪ್ರಸಾದದಿಂದ ಉಪವಾಸ ಮುರಿಯುವುದಿಲ್ಲ. ಅದು ಊಟದ ಲೆಕ್ಕಕ್ಕೇ ಬರುವುದಿಲ್ಲ. ಈ ಭಾಗದ ಹೆಂಗಸರನ್ನು ಪರೀಕ್ಷೆಗೆ ಮಲಗಿಸುವವರು 'ಪ್ರಸಾದ ಮುಟ್ಟಿದ್ದೀರಾ' ಎಂದು ಪ್ರತ್ಯೇಕವಾಗಿ ಕೇಳಬೇಡವೇ? ಅವರ ಛಾಪಿಸಿದ ಹಾಳೆಯಲ್ಲಿ ಕಾಫಿ ಇದೆ, ಹಣ್ಣಿನ ರಸ ಇದೆ, ಪ್ರಸಾದ ಇಲ್ಲ. ಯಾರು ಕೊಟ್ಟರು, ಯಾರು ತೆಗೆದುಕೊಂಡರು ಎಂಬುದು ಈಗ ಅಪ್ರಸ್ತುತ.

ವರಾಂಡದಲ್ಲಿ ಎಲ್ಲರೆದುರು ಫಕೀರವ್ವನ ಮೇಲೆ ಕೂಗಾಡಿದೆ: "ಪ್ರಸಾದಾ ಏನ ಗಾಳಿಯಾಗ ಕರಗಿ ಹೋಗ್ತೈತೇನ? ಅರವತ್ತ ವರ್ಷಾತು, ಅಷ್ಟ ತಿಳಿಬಾರದ?" ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿದಳು.

೧೧ ಜೂನ್

ಕಾರಹುಣ್ಣಿಮೆ. ಓಣಿಯಲ್ಲಿ ಎತ್ತುಗಳ ಕೋಡಿಗೆ ಬಣ್ಣ. ಅವಳು ಹೋಳಿಗೆಯ ಕಣಕ ನಾದಿದಳು, ಬೇಡವೆಂದರೂ ಕೇಳಲಿಲ್ಲ. ತಿನ್ನಲು ಆಗಲಿಲ್ಲ. ದೂರು ಆರು ಪುಟವಾಯಿತು.

೧೭ ಜೂನ್

ಅಂಬಲಿಯೂ ಇಳಿಯುತ್ತಿಲ್ಲ. ಒಂದು ಗುಟುಕು, ಅರ್ಧ ತಾಸು, ಮತ್ತೊಂದು ಗುಟುಕು. ಮಧ್ಯಾಹ್ನ ಹಿತ್ತಿಲಿಗೆ ಹೋಗಿ ಎಲ್ಲ ಉಗುಳುವುದನ್ನು ಕಂಡೆ. ನನ್ನನ್ನು ನೋಡಿ ಸೆರಗಿನಿಂದ ಬಾಯಿ ಒರೆಸಿಕೊಂಡು "ಹೆಚ್ಚಾಗಿತ್ತು" ಎಂದಳು. ಎರಡು ಗುಟುಕು ಅಂಬಲಿ ಹೆಚ್ಚಾಗಿತ್ತಂತೆ.

ದೂರಿಗೆ ಇವತ್ತು ಏನೂ ಸೇರಿಸಲಿಲ್ಲ.

೨೫ ಜೂನ್

ಮಣ್ಣೆತ್ತಿನ ಅಮಾವಾಸ್ಯೆ. ಗೋಡೆಗೆ ಒರಗಿ ಕುಳಿತೇ ಒಂದು ಜೋಡಿ ಎತ್ತು ಮಾಡಿದಳು. ಒಂದರ ಕೊರಳು ಸಣ್ಣದಾಯಿತು. "ಇದು ನಾನು" ಎಂದು ನಕ್ಕಳು.

ನಾಳೆ ಪರೀಕ್ಷೆ. ಬೆಳಿಗ್ಗೆ ಮಾಯವ್ವ ಫೋನಿನಲ್ಲಿ ಅತ್ತಳು. "ಅಣ್ಣಾ, ನನ್ನ ಪ್ರಸಾದದಿಂದ ವೈನಿ ಪರೀಕ್ಷಾ ನಿಂತಿತು. ನನ್ನ ಕೈಗೆ ಹುಳಾ ಬೀಳ್ಲಿ."

"ನಿಂದೇನೂ ತಪ್ಪಿಲ್ಲ, ಬಿಡ" ಎಂದೆ.

ಇಲ್ಲಿ ಬರೆದುಬಿಡುತ್ತೇನೆ, ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಮಾಯವ್ವ ತಟ್ಟೆ ಕೊಟ್ಟದ್ದು ನನ್ನ ಕೈಗೆ. "ಪರೀಕ್ಷಾ ಮುಗೀಲಿ, ಆಮ್ಯಾಲೆ ತಗೋತೀನಿ" ಎಂದಳು ಫಕೀರವ್ವ. ನಾನೇ ಬಾಳೆಹಣ್ಣು ಮುರಿದೆ. ನಾನೇ ಕೊಬ್ಬರಿ ಚೂರನ್ನು ಅದಕ್ಕೆ ಒತ್ತಿದೆ. "ಪ್ರಸಾದ ಐತಿ, ಇದಕ್ಕೇನಾಗೂದಿಲ್ಲ, ತಗೋ" ಎಂದು ಅವಳ ಅಂಗೈಗೆ ಹಾಕಿದೆ. ನಲವತ್ತು ವರ್ಷದಿಂದ ಗುಡಿಯ ಮೆಟ್ಟಿಲು ಹತ್ತದವನು, ಊರಿಗೆಲ್ಲ ಬುದ್ಧಿ ಹೇಳಿದವನು. ಆ ಹೊತ್ತಿನಲ್ಲಿ ಯಾವ ದೇವರಾದರೂ ಸರಿ ಎನಿಸಿತ್ತು.

ವರಾಂಡದಲ್ಲಿ ಅವಳು ಅದನ್ನೇ ಹೇಳಲು ಬಾಯಿ ತೆರೆದಿದ್ದಳು.

೨೬ ಜೂನ್, ಗುರುವಾರ. ಹುಬ್ಬಳ್ಳಿ

ಪರೀಕ್ಷೆ ಆಯಿತು. ಮಾಡಿದವರು ಡಾಕ್ಟರ್ ರಾಜೇಶ್ವರಿ, ಮೂವತ್ತೈದೂ ದಾಟಿರಲಿಕ್ಕಿಲ್ಲ. ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ. ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಮೋಡ ಕವಿದಂತೆ ಬೂದು ಬಣ್ಣ.

"ಇಲ್ಲಿ ನೋಡ್ರಿ ಕಾಕಾ. ಈ ಬಿಳೀ ಗೆರಿ ರಕ್ತನಾಳದ ಗೋಡಿ. ಈ ಕರೇದು ಗಂಟು. ಹದಿಮೂರು ಮಿಲಿಮೀಟರ್ ಆಗೇತಿ. ಭಾಳ ಕುಗ್ಗೇತಿ."

"ಮತ್ತ ಆಪರೇಷನ್ ಮಾಡಬಹುದಲ್ಲ?"

"ಈ ಜಾಗಾ ನೋಡ್ರಿ. ಇಷ್ಟರಾಗ ನಡಕಿನ ಗೆರಿ ಕಾಣವಲ್ದು. ಗಂಟು ನಾಳಕ್ಕ ಅಂಟಿರಬಹುದು. ಇಲ್ಲಾಂದ್ರ ಗಂಟು ಸತ್ತು, ಗಾಯದ ಕಲಿ ಉಳಿದಿರಬಹುದು. ಕೀಮೋ ಆದ ಮ್ಯಾಲೆ ಈ ಯಂತ್ರದಾಗ ಎರಡೂ ಒಂದ ಥರಾ ಕರ್ರಗ ಕಾಣ್ತಾವು."

"ಎರಡರಾಗ ಯಾವುದು, ಅದನ್ನ ಹೇಳ್ರಿ."

"ನನಗ ಗೊತ್ತಾಗವಲ್ದ್ರಿ."

ಎದ್ದು ನಿಂತೆ. "ಎಷ್ಟ ವರ್ಷ ಓದೀರವಾ ನೀವು?"

"ಹದಿನಾಲ್ಕ ವರ್ಷ್ರಿ ಕಾಕಾ. ಮೊದಲನೇ ವರ್ಷ ಆಗಿದ್ರ ಏನರ ಒಂದು ಹೇಳಿಬಿಡ್ತಿದ್ದೆ."

ಪಕ್ಕದ ಒಂದು ಗ್ರಂಥಿಯಿಂದ ಸೂಜಿಯಲ್ಲಿ ಚೂರು ತೆಗೆದಿದ್ದಾರಂತೆ. ಕಾಯಿಲೆ ಅಲ್ಲಿಗೆ ಹರಡಿದೆಯೇ ಎಂಬುದು ವಾರದಲ್ಲಿ ತಿಳಿಯುತ್ತದೆ. ಅದಾದರೂ ತಿಳಿಯುತ್ತದಲ್ಲ.

ಗೊತ್ತಿಲ್ಲ ಎನ್ನಲು ಅಷ್ಟು ದೊಡ್ಡ ಯಂತ್ರ ಬೇಕೆ? ಹದಿನೇಳು ದಿನ ಕಾಯಿಸಿ, ಅರೆಜೀವದ ಹೆಂಗಸಿನ ಗಂಟಲಿಗೆ ಹಗ್ಗದಂಥ ನಳಿಕೆ ಇಳಿಸಿ, ಕೊನೆಗೆ ಗೊತ್ತಿಲ್ಲ! ಮೂವತ್ತಾರು ವರ್ಷದಲ್ಲಿ ನಾನು ಒಂದು ಮೋಜಣಿಯನ್ನೂ ಹಾಗೆ ಬರೆದು ಮುಗಿಸಿದವನಲ್ಲ. ದೂರಿಗೆ ಏಳನೆಯ ಪುಟ ಸೇರಿಸಿದೆ. ಹೆಸರು ಹಾಕಿಯೇ ಬರೆದೆ.

೨ ಜುಲೈ

ಗ್ರಂಥಿಯಲ್ಲಿ ಏನೂ ಇಲ್ಲ. ಓಣಿಯ ನಡುವೆ ನಿಂತು ಫೋನಿನಲ್ಲಿ ಮೂರು ಸಲ ಹೇಳಿಸಿದೆ.

ಆದರೆ ಆ ಕಪ್ಪು ಜಾಗ ಹಾಗೇ ಇದೆ. ಇನ್ನೊಂದು ಸ್ಕ್ಯಾನ್ ಕೂಡ ಅಲ್ಲಿಯೇ ತಡವರಿಸಿದೆಯಂತೆ. ಡಾಕ್ಟರುಗಳೆಲ್ಲ ಕೂತು ಮಾತಾಡಿದ್ದಾರೆ. ಎದೆ ತೆರೆದು ಕೈಯಿಂದಲೇ ನೋಡಬೇಕು, ಬೇರೆ ದಾರಿ ಇಲ್ಲ. ಬಿಡಿಸಲು ಬಂದರೆ ಅನ್ನನಾಳ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆಳೆದು ಕೊಳವೆ ಮಾಡಿ ಜೋಡಿಸುತ್ತಾರೆ. ಅಂಟಿದ್ದರೆ ಹಾಗೇ ಮುಚ್ಚಿ ಹೊಲಿಯುತ್ತಾರೆ. ಆಮೇಲೆ ನುಂಗಲು ಒಂದು ಜಾಲರಿ ನಳಿಕೆ, ಉಳಿದ ತಿಂಗಳುಗಳು. ಈಗಿನ ಶಕ್ತಿಯಲ್ಲಿ ಆಪರೇಷನ್ ಮೇಜಿನ ಮೇಲೆಯೇ ಏನಾದರೂ ಆಗಬಹುದು. ಬೇಡವೆಂದರೆ ಅದಕ್ಕೂ ಒಪ್ಪಿಗೆ. ಹದಿನಾಲ್ಕರೊಳಗೆ ಹೇಳಿ ಎಂದರು.

೬ ಜುಲೈ, ಭಾನುವಾರ

ಮೊಹರಂ. ಅಲಾಯಿ ದೇವರುಗಳು ಹೊರಟ ಹಲಗೆಯ ಸದ್ದು ಕೇಳುತ್ತಿದೆ. ಪಕ್ಕದ ಮನೆಯ ನಾಜಮೀನ ಹಬ್ಬದ ಸಿಹಿರೊಟ್ಟಿ ಚೊಂಗೆ ತಂದಳು. ಆಶಾ ಕಾರ್ಯಕರ್ತೆ, ಕೀಮೋದ ದಿನಗಳಲ್ಲಿ ಇವಳ ಜ್ವರ ನೋಡಿದವಳು. ಬೆಲ್ಲದ ಚೊಂಗೆಯನ್ನು ಫಕೀರವ್ವ ಬಹಳ ಹೊತ್ತು ಮೂಗಿಗೆ ಹಿಡಿದುಕೊಂಡಳು.

"ಹಾಲಾಗ ನೆನಸಿ ತಿನ್ರಿ ವೈನಿ" ಎಂದಳು ನಾಜಮೀನ.

"ವಾಸನೀಗೆ ಹೊಟ್ಟಿ ತುಂಬಿತವಾ. ಇದಕ್ಕ ಏನ ತಿಂದಿ ಅಂತ ಯಾವ ನರ್ಸೂ ಬೈಯೂದಿಲ್ಲ."

ನಾಜಮೀನ ಹೋದಮೇಲೆ ಕೇಳಿದಳು: "ನೀವು ಇಷ್ಟೆಲ್ಲಾ ಓದೀರಿ. ಕೊಯ್ಸಿದ್ರ ನಾ ಉಳೀತೀನೇನು? ಖರೇ ಹೇಳ್ರಿ."

"ಎಂಬತ್ತ ಪರ್ಸೆಂಟ್" ಎಂದೆ. ಎಲ್ಲಿಂದ ಬಂತೋ ಆ ಅಂಕಿ. ಬಾಯಿಗೆ ಬಂತು, ಹೇಳಿದೆ.

ನನ್ನನ್ನೇ ನೋಡಿದಳು. "ಹೊಳೆಆಲೂರ ಗೋಣೆಪ್ಪಗೂ ಹಿಂಗ ಹೇಳಿ ಬಂದಿದ್ರಿ. ಆವತ್ತ ಸಂಜೀನೂ ನಿಮ್ಮ ಕಿವಿ ಹಿಂಗ ಕೆಂಪಾಗಿದ್ವು" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

೭ ಜುಲೈ

ಬರೆಯಲಾರೆ.

೮ ಜುಲೈ

ಎರಡು ಸಾವಿರದ ಒಂಬತ್ತು. ಮಲಪ್ರಭೆ ಊರೊಳಗೆ ಬಂದು ಹೋದ ವರ್ಷ. ಹೊಳೆಆಲೂರಿನ ದಂಡೆಯ ಹೊಲಗಳ ಮೇಲೆ ಆಳುದ್ದ ಹೂಳು ಕೂತಿತ್ತು. ಬದು ಇಲ್ಲ, ಬೇಲಿ ಇಲ್ಲ, ಗಡಿಕಲ್ಲು ಇಲ್ಲ. ಗೋಣೆಪ್ಪನಿಗೂ ಪಕ್ಕದ ಹೊಲದವನಿಗೂ ತಕರಾರು ಬಿದ್ದು ಗಡಿ ಗುರುತಿಸಲು ನಾನು ಹೋದೆ. ಕಲ್ಲು ಸಿಗದೆ ಅಳತೆ ಶುರು ಮಾಡುವಂತಿಲ್ಲ. ಎರಡು ಕಡೆ ಅಗೆಸಿದೆ, ಸಿಗಲಿಲ್ಲ. ಇಡೀ ಊರು ಸುತ್ತ ನಿಂತಿತ್ತು. "ಸಾಹೇಬ್ರಿಗೆ ಸಿಗವಲ್ದು" ಎಂದು ಯಾರೋ ನಕ್ಕರು. ಮೂರನೆಯ ಕಡೆ ಅಗೆಸಲಿಲ್ಲ. ಒಂದು ಜಾಗಕ್ಕೆ ಕೋಲು ಊರಿ "ಇದ ಕಲ್ಲಿನ ಜಾಗ" ಎಂದೆ. ಸರಪಳಿ ಎಳೆಸಿದೆ. ನಕ್ಷೆ ಬರೆದು ಸಹಿ ಹಾಕಿದೆ.

ಹನ್ನೆರಡು ಗುಂಟೆ ಆಚೆ ಹೋಯಿತು. ಅದರಲ್ಲಿ ಗೋಣೆಪ್ಪನ ತಾಯಿಯ ಸಮಾಧಿ ಇತ್ತು. ಮುಂದಿನ ಹಂಗಾಮಿಗೆ ಪಕ್ಕದವನು ಅದರ ಮೇಲೆ ಕುಂಟೆ ಹೊಡೆದ.

ಯಾರು ಯಾವ ವರ್ಷ ಯಾವ ಆಶ್ವಾಸನೆ ಕೊಟ್ಟರು ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಇದನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

೧೦ ಜುಲೈ, ಗುರುವಾರ

ಹೊಳೆಆಲೂರಿಗೆ ಹೋಗಿದ್ದೆ. ಪುಣ್ಯ ಗಳಿಸಲು ಅಲ್ಲ. ಅಂಥ ಲೇವಾದೇವಿಯಲ್ಲಿ ನನಗೆ ನಂಬಿಕೆಯಿಲ್ಲ, ಬಾಳೆಹಣ್ಣಿನ ಪ್ರಸಂಗದ ನಂತರವಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಕೂರಲಾಗಲಿಲ್ಲ. ಬಸ್ಸು ನಿಂತಿತ್ತು, ಹತ್ತಿದೆ.

ಗೋಣೆಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ.

"ಓಹೋ, ಮೋಜಣಿ ಸಾಹೇಬ್ರು! ಬರ್ರಿ, ಬರ್ರಿ. ಈ ಸಲಾ ಎಷ್ಟ ಗುಂಟೆ ಒಯ್ಯಾಕ ಬಂದೀರಿ?"

"ಗೋಣೆಪ್ಪಾ, ಆವತ್ತ ನನಗ ಕಲ್ಲ ಸಿಕ್ಕಿರಲಿಲ್ಲ."

ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಅದು ನನಗ ಗೊತ್ತಿತ್ರಿ. ಕಲ್ಲ ಸಿಕ್ಕವರು ಬಗ್ಗಿ ಮಣ್ಣ ಕೆದರತಾರ. ನೀವು ನಿಂತ ನಿಂತಲ್ಲೇ ಕೋಲ ಊರಿದ್ರಿ. ಸಿಕ್ಕಿಲ್ಲಂತ ನಿಮಗ ಗೊತ್ತೈತೋ ಇಲ್ಲೋ ಅನ್ನೂದು ನನಗ ಗೊತ್ತಿರಲಿಲ್ಲ."

ಆವತ್ತು ನಡೆದದ್ದನ್ನು ಬರೆದುಕೊಡುತ್ತೇನೆ ಎಂದೆ. ಚೀಲದಲ್ಲಿ ದೂರಿನ ಏಳು ಹಾಳೆಗಳಿದ್ದವು, ಹಿಂಬದಿ ಖಾಲಿ. ಮೊದಲ ಹಾಳೆಯ ಬೆನ್ನಿಗೆ ಬರೆದೆ: ಗಡಿಕಲ್ಲು ಸಿಗಲಿಲ್ಲ, ಸಿಕ್ಕಿದೆಯೆಂದು ತೋರಿಸಿದ್ದೇನೆ, ಮರು ಅಳತೆ ಆಗತಕ್ಕದ್ದು. ಸಹಿ, ತಾರೀಖು.

"ಇದರಿಂದ ಹೊಲಾ ತಿರುಗಿ ಬರ್ತೈತೇನ್ರಿ?"

"ಗೊತ್ತಿಲ್ಲ."

ಹಗ್ಗ ಕೆಳಗಿಟ್ಟ. ಒಳಗೆ ತಿರುಗಿ ಹೆಂಡತಿಗೆ ಕೂಗಿದ: "ಕರಿಯವ್ವಾ, ಎರಡ ಕಪ್ಪ ಚಾ ಇಡ. ಸಾಹೇಬ್ರಿಗೂ ಗೊತ್ತಿಲ್ಲದ್ದು ಒಂದು ಹುಟ್ಟೇತಿ."

ಬಸಿಯಲ್ಲಿ ಚಹಾ ಹಾಕಿಕೊಳ್ಳುತ್ತ ಕೇಳಿದ: "ಮನಿಯಾಗ ಅಕ್ಕಾರು ಹ್ಯಾಂಗದಾರ?"

ಅದಕ್ಕೂ ಗೊತ್ತಿಲ್ಲ ಎಂದೇ ಹೇಳಿದೆ. ಗೋಣೆಪ್ಪ ಕ್ಷಮಿಸಿದೆ ಎಂದು ಅನ್ನಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬನಿಯನ್ ಕಿಸೆಗೆ ಇಟ್ಟುಕೊಂಡ.

ದೂರಿನ ಮೊದಲ ಪುಟ ಮತ್ತೆ ಬರೆಯಬೇಕು. ನಾಳೆ ನೋಡೋಣ.

೧೩ ಜುಲೈ, ಭಾನುವಾರ

ಮುಂಜಾನೆ ಅವಳ ತಲೆ ಬಾಚುತ್ತಿದ್ದೆ. ಕೀಮೋ ನಂತರ ಬಂದ ಕೂದಲು, ಒಂದು ಬೆರಳಿನ ಅಗಲದಷ್ಟು. ಬಾಚಲು ಏನೂ ಇಲ್ಲ, ಆದರೂ ದಿನಾ ಬಾಚಣಿಗೆ ಕೊಡುತ್ತಾಳೆ.

"ಎಂಬತ್ತ ಪರ್ಸೆಂಟ್ ಅಂದಿದ್ದು ಸುಳ್ಳ" ಎಂದೆ. "ಉಳೀತೀಯೋ ಇಲ್ಲೋ ನನಗ ಗೊತ್ತಿಲ್ಲ. ಅಂಟೇತೋ ಬಿಟ್ಟೇತೋ ಡಾಕ್ಟರಿಗೂ ಗೊತ್ತಿಲ್ಲ. ಮ್ಯಾಜಿನ ಮ್ಯಾಲೇ ಹೋಗಬಹುದು. ತಗದು ಮುಚ್ಚಿ ಕಳಸಬಹುದು. ಕೊಯ್ಸೂದ ಬ್ಯಾಡ ಅಂದ್ರೂ ನಡೀತೈತಿ. ನನಗ ಭಾಳ ಹೆದರಿಕಿ ಬಂದೇತಿ."

ಬಾಚಣಿಗೆ ಹಿಡಿದ ನನ್ನ ಕೈ ಅವಳ ತಲೆಯ ಮೇಲೇ ನಿಂತಿತ್ತು.

"ಫೆಬ್ರವರಿಯಿಂದ ನಾನೊಬ್ಬಾಕಿನ ಹೆದರಾಕತ್ತಿದ್ದೆ" ಎಂದಳು. "ನೀವು ಬರೇ ಮಂದೀ ಮ್ಯಾಲೆ ಸಿಟ್ಟಾಗ್ತಿದ್ರಿ. ಮನಿಯಾಗ ನನ್ನ ಕೂಡ ಹೆದರಾಕ ಯಾರೂ ಇರಲಿಲ್ಲ."

ಆಮೇಲೆ ಎಂದಳು: "ತಗದ ನೋಡ್ಲಿ. ಮುಚ್ಚಿ ಕೊಟ್ರ ಮುಚ್ಚಿ ಕೊಡ್ಲಿ. ಕಾಣಲಾರದ್ದನ್ನ ಹೊತಗೊಂಡ ಕುಂಡ್ರೂದ ನನಗ ಸಾಕಾಗೇತಿ. ಒಂದ ಬಿಸಿ ರೊಟ್ಟಿ, ಒಂದ ಎಣ್ಣಿಬದನೀಕಾಯಿ. ಅಷ್ಟ ನನ್ನ ಆಸೆ. ಆದ್ರ ಆತು."

ಡಾಕ್ಟರ್ ರಾಜೇಶ್ವರಿಗೆ ನಾನೇ ಫೋನ್ ಮಾಡಿದೆ. ಮಾತು ಮುಗಿಸುವಾಗ ಅವರಿಗೆ ಬೇರೇನೋ ಹೇಳಬೇಕೆಂದಿದ್ದೆ. "ಊಟಾ ಆತೇನವಾ" ಎಂದು ಕೇಳಿ ಇಟ್ಟೆ.

೧೯ ಜುಲೈ. ಹುಬ್ಬಳ್ಳಿ

ಭರ್ತಿಯಾದಳು. ನರಗುಂದದಲ್ಲಿ ಮಾಯವ್ವ ಗಾಡಿಯ ಬಳಿ ಬಂದಳು. ಎರಡೂ ಕೈ ಖಾಲಿ, ಹಿಂದೆ ಕಟ್ಟಿಕೊಂಡಿದ್ದಳು. ಫಕೀರವ್ವ ಕಿಟಕಿಯಿಂದ ಕೈ ಚಾಚಿ ಅವಳ ಗಲ್ಲ ಹಿಡಿದಳು.

೨೧ ಜುಲೈ, ಸೋಮವಾರ

ಬೆಳಿಗ್ಗೆ ೮.೨೦. ಒಳಗೆ ಒಯ್ದರು. ನರ್ಸ್ ಬಂದು "ಏನರ ತಿಂದೀರೇನು" ಎಂದು ಕೇಳಿದಳು. "ಇಲ್ಲವಾ. ಪ್ರಸಾದಾನೂ ಇಲ್ಲ. ನಮ್ಮ ಯಜಮಾನ್ರನ್ನ ಎರಡ ದಿನಾ ದೂರ ಇಟ್ಟೀನಿ" ಎಂದಳು ಫಕೀರವ್ವ. ಗಾಲಿಮಂಚ ತಳ್ಳುತ್ತಿದ್ದವರೂ ನಕ್ಕರು. ತಿರುವಿನವರೆಗೆ ನನ್ನ ಬೆರಳು ಹಿಡಿದಿದ್ದಳು.

ಡಾಕ್ಟರ್ ರಾಜೇಶ್ವರಿ ಹೊರಗೆ ಬಂದು ಹೇಳಿಹೋದರು: "ಕಾಕಾ, ಒಂಬತ್ತಕ್ಕ ಶುರು ಮಾಡ್ತಾರ. ಹತ್ತೂವರಿಯೊಳಗ ಸರ್ಜನ್ ಸಾಹೇಬ್ರು ಈ ಬಾಗಲಾ ತಗದ ಬಂದ್ರು ಅಂದ್ರ, ಅಂಟಿತ್ತು, ಮುಚ್ಚಿದ್ರು ಅಂತ ತಿಳೀರಿ. ಬರಲಿಲ್ಲಂದ್ರ ಬಿಡಿಸಾಕತ್ತಾರ. ಅದಕ್ಕ ಐದಾರ ತಾಸು ಹಿಡೀತೈತಿ."

೯.೦೫. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು.

೯.೪೦. ಪಕ್ಕದ ಬೆಂಚಿನವರ ಕೈಯಲ್ಲಿ ಪತ್ರಿಕೆ ಇದೆ. ನರಗುಂದದಲ್ಲಿ ಇವತ್ತು ಹುತಾತ್ಮ ರೈತರ ದಿನ. ಎಂಬತ್ತನೆಯ ಇಸವಿಯ ಆ ದಿನ ಪೊಲೀಸರು ಗುಂಡು ಹಾರಿಸಿದ ರೈತರ ಗುಂಪಿನಲ್ಲಿ ನಾನೂ ಇದ್ದೆ, ಇಪ್ಪತ್ತೊಂದು ವರ್ಷದವನು. ನಲವತ್ತೈದು ವರ್ಷ ಒಂದು ಸಲವೂ ತಪ್ಪಿಸಿಲ್ಲ, ವೀರಗಲ್ಲಿನ ಮುಂದೆ ನಿಂತು ಬಂದಿದ್ದೇನೆ. ಮೊನ್ನೆ ಅದೇ ಊರಿನ ಮೇಲೆ ಹಾದು ಬಂದರೂ ನೆನಪಾಗಲಿಲ್ಲ.

೧೦.೦೦. ಬಾಗಿಲ ಹಿಡಿ ಅಲುಗಿತು. ಎದ್ದು ನಿಂತೆ. ಕಸ ಗುಡಿಸುವ ಹೆಂಗಸು. ಮತ್ತೆ ಕೂತೆ.

೧೦.೧೫. ಸರ್ಜನ್ ಸಾಹೇಬರ ಮುಖ ಹೇಗಿದೆ ಎಂದು ನೆನಪು ಮಾಡಿಕೊಳ್ಳಲು ಹೆದರಿಕೆಯಾಗುತ್ತಿದೆ.

೧೦.೨೫. ಜೀವನವೆಲ್ಲ ಬಾಗಿಲು ತೆಗೆಯಿರಿ ಎಂದು ಬಡಿದವನು ನಾನು. ಕಚೇರಿಯ ಬಾಗಿಲು, ಮಂತ್ರಿಗಳ ಬಾಗಿಲು. ತೆಗೆಯಬೇಡಿರಪ್ಪಾ. ಯಾರೂ ಹೊರಗೆ ಬರಬೇಡಿ.

೧೦.೩೦.

೧೦.೩೧. ಬಂದಿಲ್ಲ.

೧೦.೫೦. ಯಾರೂ ಬಂದಿಲ್ಲ. ಗಡಿಯಾರ ಸರಿಯಿದೆಯೇ ಎಂದು ಇಬ್ಬರನ್ನು ಕೇಳಿದೆ. ಸರಿಯಿದೆ.

೧೧.೨೦. ಮಾಯವ್ವ ಫೋನ್ ಮಾಡಿದಳು. "ಅಣ್ಣಾ, ಏನಾತು? ವೈನಿ ಹ್ಯಾಂಗದಾಳ?"

"ಇನ್ನೂ ಗೊತ್ತಿಲ್ಲವಾ" ಎಂದೆ. "ಬಾಗಲಾ ಮುಚ್ಚೇ ಐತಿ."